‘ಭದ್ರತೆಗಾಗಿ’ ಒಂಟಿ ಸೆಲ್: ಆದೇಶ ಯಾರದು, ದಿನ ಎಷ್ಟು?

ಬಳ್ಳಾರಿ ಕೇಂದ್ರ ಕಾರಾಗೃಹದಲ್ಲೋ ರಾಯಚೂರು, ಕೊಪ್ಪಳದ ಜಿಲ್ಲಾ ಕಾರಾಗೃಹಗಳಲ್ಲೋ ಇರುವ ಕೈದಿಯ ಮನೆಯವರು ಬಂದು, “ಸಾಹೇಬ್ರ, ನಮ್ಮ ಹುಡುಗನ್ನ ಒಬ್ಬನ್ನ ಸೆಲ್‌ನ್ಯಾಗ ಹಾಕ್ಯಾರಂತ್ರಿ” ಎಂದರೆ ವಕೀಲರು ಮೊದಲು ಕೇಳಬೇಕಾದ್ದು: ಆದೇಶ ಯಾರದು?

ಏಕಾಂತ ಸೆರೆಯನ್ನು ಶಿಕ್ಷೆಯ ಭಾಗವಾಗಿ ವಿಧಿಸುವ ಅಧಿಕಾರ ಇರುವುದು ನ್ಯಾಯಾಲಯಕ್ಕೆ. ಭಾರತೀಯ ನ್ಯಾಯ ಸಂಹಿತೆಯ 11ನೇ ಕಲಂ, ಅಂದರೆ ಹಳೆಯ ಐಪಿಸಿ 73, ಇದಕ್ಕೆ ಮಿತಿ ಹಾಕಿದೆ. ಕಠಿಣ ಸಜೆ 6 ತಿಂಗಳು ಮೀರದಿದ್ದರೆ ಒಟ್ಟು 1 ತಿಂಗಳು, 1 ವರ್ಷದವರೆಗಿದ್ದರೆ 2 ತಿಂಗಳು, ಅದಕ್ಕೂ ಹೆಚ್ಚಿದ್ದರೆ 3 ತಿಂಗಳು. ಅದನ್ನೂ ಒಂದೇ ಸಲ ತೀರಿಸುವಂತಿಲ್ಲ. 12ನೇ ಕಲಂ ಪ್ರಕಾರ ಒಮ್ಮೆಗೆ 14 ದಿನ ದಾಟಬಾರದು, ನಡುವೆ ಕನಿಷ್ಠ ಅಷ್ಟೇ ದಿನಗಳ ಬಿಡುವು ಬೇಕು. ಸಜೆ 3 ತಿಂಗಳಿಗಿಂತ ಹೆಚ್ಚಿದ್ದರೆ ತಿಂಗಳಿಗೆ 7 ದಿನ ಮಾತ್ರ. ಹಾಗೆ ಲೆಕ್ಕ ಹಾಕಿದರೆ 3 ತಿಂಗಳ ಏಕಾಂತ ಮುಗಿಯಲು ವರ್ಷದ ಮೇಲೆ ಬೇಕು. ವಿಚಾರಣಾಧೀನ ಕೈದಿಗೆ ಈ ಕಲಂ ಅನ್ವಯಿಸುವುದೇ ಇಲ್ಲ. ಅವನಿಗೆ ಸಜೆಯೇ ಆಗಿಲ್ಲವಲ್ಲ!

ಆದರೆ ತೊಂದರೆ ಈ ಕಲಂನಿಂದ ಬರುವುದಲ್ಲ. ತೀರ್ಪಿನಲ್ಲಿ ಇಲ್ಲದ ಏಕಾಂತ ‘ಭದ್ರತೆ’, ‘ಕ್ವಾರಂಟೈನ್’, ‘ಹೈ ಸೆಕ್ಯುರಿಟಿ’ ಎಂಬ ಹೆಸರುಗಳಲ್ಲಿ ಬರುತ್ತದೆ. 2024ರಲ್ಲಿ ನಟರೊಬ್ಬರನ್ನು ಬಳ್ಳಾರಿಗೆ ತಂದಾಗ ಅವರ ಸೆಲ್‌ಗೆ ಟಿವಿ ಬಂತೇ ಎಂದು ಊರೆಲ್ಲ ಚರ್ಚಿಸಿತು; ಸೆಲ್‌ನಿಂದ ದಿನಕ್ಕೆ ಎಷ್ಟು ತಾಸು ಹೊರಗೆ ಬಿಡುತ್ತಾರೆ ಎಂಬುದು ಚರ್ಚೆಯಾಗಲಿಲ್ಲ. ನೋಡಬೇಕಾದ್ದು ಅದನ್ನೇ. ವಿಶ್ವಸಂಸ್ಥೆಯ 2015ರ ಮಂಡೇಲಾ ನಿಯಮಗಳ ಪ್ರಕಾರ, ಮನುಷ್ಯರ ಅರ್ಥಪೂರ್ಣ ಒಡನಾಟವಿಲ್ಲದೆ ದಿನಕ್ಕೆ 22 ತಾಸು ಅಥವಾ ಹೆಚ್ಚು ಕೂಡಿಹಾಕಿದರೆ ಅದು ಏಕಾಂತ ಸೆರೆ. ಸತತ 15 ದಿನ ಮೀರಿದರೆ ನಿಷಿದ್ಧ. ಊಟದ ತಟ್ಟೆ ಒಳಗೆ ತಳ್ಳುವ ವಾರ್ಡರ್‌ನ ಮುಖ ಕಂಡದ್ದನ್ನು ಒಡನಾಟ ಎನ್ನಲಾಗದು.

ಇಲ್ಲಿ ನಮ್ಮ ಕೈಯಲ್ಲಿರುವ ಗಟ್ಟಿ ಅಸ್ತ್ರ ತಿಹಾರ್ ಜೈಲಿನ ಕೈದಿಯಾಗಿದ್ದ ಸುನಿಲ್ ಬಾತ್ರಾ ಪ್ರಕರಣದ ಎರಡನೇ ತೀರ್ಪು. ಒಂಟಿ ಸೆಲ್ ಅಥವಾ ಶಿಕ್ಷೆಯ ಸೆಲ್‌ಗೆ ಹಾಕುವ ಮೊದಲು ಸೆಷನ್ಸ್ ನ್ಯಾಯಾಧೀಶರ ಪರಿಶೀಲನೆ ಬೇಕು, ತುರ್ತಿದ್ದರೆ 2 ದಿನದೊಳಗೆ ಅವರಿಗೆ ತಿಳಿಸಬೇಕು ಎಂದು ಸುಪ್ರೀಂ ಕೋರ್ಟ್ ಅದರಲ್ಲಿ ಹೇಳಿದೆ. ಆದ್ದರಿಂದ ಪ್ರಧಾನ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರಿಗೆ ಬರೆಯುವ ಅರ್ಜಿಯಲ್ಲಿ ಬ್ಯಾರಕ್‌ನಿಂದ (ಹಲವು ಕೈದಿಗಳು ಒಟ್ಟಿಗಿರುವ ಕೊಠಡಿ) ತೆಗೆದ ದಿನಾಂಕ, ಲಿಖಿತ ಆದೇಶ ತೋರಿಸಿದರೇ, ದಿನಕ್ಕೆಷ್ಟು ತಾಸು ಹೊರಗೆ, ವೈದ್ಯರು ಯಾವಾಗ ಬಂದರು, ಯಾವ ಮಾತ್ರೆ ನಡೆದಿದೆ ಎಂಬುದಿರಲಿ. ‘ಹಿಂಸೆ ಕೊಡುತ್ತಿದ್ದಾರೆ’ ಎಂಬ ಒಂದೇ ಸಾಲಿನ ಅರ್ಜಿಗೆ ‘ಆರೋಪ ಸುಳ್ಳು’ ಎಂಬ ಒಂದೇ ಸಾಲಿನ ಉತ್ತರ ಸಾಕಾಗುತ್ತದೆ. ಆದೇಶದ ಪ್ರತಿ ಸಿಗದಿದ್ದರೆ ಮಾಹಿತಿ ಹಕ್ಕಿನಡಿ ಕೇಳಿ. ಜೀವ ಮತ್ತು ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯನ್ನು 48 ತಾಸಿನಲ್ಲಿ ಕೊಡಬೇಕು. ವಕೀಲರಿಲ್ಲದವರು ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಬಹುದು.

ರಿಜಿಸ್ಟರ್ ನೋಡುವಾಗ ಮೂರು ಕಡೆ ಕಣ್ಣಿಡಿ. 14ನೇ ದಿನ ಒಂದು ರಾತ್ರಿ ಬ್ಯಾರಕ್‌ಗೆ ಕಳಿಸಿ ಮರುದಿನದಿಂದ ಹೊಸ ಎಣಿಕೆ ಶುರುವಾಗಿದೆಯೇ? ‘ನನ್ನ ಇಚ್ಛೆಯಿಂದಲೇ ಒಬ್ಬನೇ ಇದ್ದೇನೆ’ ಎಂಬ ಕಾಗದಕ್ಕೆ ಹೆಬ್ಬೆಟ್ಟು ಬಿದ್ದಿದೆಯೇ? ಹೊರಗೆ ಬಿಟ್ಟ ತಾಸು ಯಾವುದು? ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಬಿಸಿಲಿಗೆ ಮಧ್ಯಾಹ್ನ ಬಾಗಿಲು ತೆಗೆದರೆ ಯಾರೂ ಹೊರಗೆ ಬರುವುದಿಲ್ಲ, ಪುಸ್ತಕದಲ್ಲಿ ಮಾತ್ರ ಒಂದು ತಾಸು ದಾಖಲಾಗುತ್ತದೆ.

ಜೈಲಿನವರ ಕಷ್ಟವೂ ಸುಳ್ಳಲ್ಲ. ಎರಡು ಗುಂಪುಗಳ ಜಗಳ, ಸಾಕ್ಷಿ ಹೇಳಿದವನ ಮೇಲೆ ಕಣ್ಣು, ಸಿಬ್ಬಂದಿ ಕೊರತೆ ಎಲ್ಲ ಇವೆ. ಆದರೆ ಬೇರ್ಪಡಿಸುವುದು ಬೇರೆ, ಒಂಟಿಯಾಗಿಸುವುದು ಬೇರೆ. ಹೊಂದಿಕೊಳ್ಳುವ ಮೂರ್ನಾಲ್ಕು ಮಂದಿಯನ್ನು ಒಂದೇ ಕಡೆ ಇಟ್ಟು, ಗುಂಪುಗಳನ್ನು ಬೇರೆ ಬೇರೆ ಹೊತ್ತಿಗೆ ಅಂಗಳಕ್ಕೆ ಬಿಟ್ಟರೆ ಬಹುಪಾಲು ಕೆಲಸ ಆಗುತ್ತದೆ.

ಆತ್ಮಹತ್ಯೆಯ ಮಾತಾಡುವವನನ್ನು ‘ಕಾಯಲು’ ಒಂಟಿಯಾಗಿಡುವುದು ಎಲ್ಲಕ್ಕಿಂತ ಅಪಾಯ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 97ನೇ ಕಲಂ ಮಾನಸಿಕ ಕಾಯಿಲೆ ಇರುವವರಿಗೆ ಏಕಾಂತವನ್ನು ನಿಷೇಧಿಸಿದೆ. ಅಂಥವನಿಗೆ ಬೇಕಾದ್ದು ಜೊತೆಗಾರ ಮತ್ತು ಮನೋವೈದ್ಯರು.

ಏಕಾಂತದ ವಿರುದ್ಧದ ಈ ರಕ್ಷಣೆ ಗಲ್ಲು ಶಿಕ್ಷೆಯಾದವರಿಗೂ ಅನ್ವಯ. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಒಬ್ಬನನ್ನು ಕ್ಷಮಾದಾನದ ಅರ್ಜಿ ಇತ್ಯರ್ಥವಾಗುವ ಮೊದಲೇ ವರ್ಷಗಟ್ಟಲೆ ಒಂಟಿಯಾಗಿಟ್ಟಿದ್ದಕ್ಕೆ, ಸುಪ್ರೀಂ ಕೋರ್ಟ್ 2022ರ ನವೆಂಬರ್‌ನಲ್ಲಿ ಅವನ ಗಲ್ಲನ್ನು ಕನಿಷ್ಠ 30 ವರ್ಷದ ಜೀವಾವಧಿಗೆ ಇಳಿಸಿತು. ಸೆಷನ್ಸ್ ಮಟ್ಟದಲ್ಲಿ ಪರಿಹಾರ ಸಿಗದಿದ್ದರೆ ಬಳ್ಳಾರಿ, ಕೊಪ್ಪಳದವರು ಹೈಕೋರ್ಟ್‌ನ ಧಾರವಾಡ ಪೀಠಕ್ಕೂ ರಾಯಚೂರಿನವರು ಕಲಬುರಗಿ ಪೀಠಕ್ಕೂ ಹೋಗಬೇಕು.