ತುಂಬು ತಿಂಗಳಲ್ಲಿ ಆಕ್ಯುಪಂಕ್ಚರ್: ಯಾವ ತೊಂದರೆಗೆ, ಎಷ್ಟರ ಮಟ್ಟಿಗೆ?

ಬಸಿರಿನ ಎಂಟನೇ ತಿಂಗಳಿಂದ ಮುಂದೆ ಆಕ್ಯುಪಂಕ್ಚರ್, ಅಂದರೆ ಮೈಯ ಗೊತ್ತಾದ ಬಿಂದುಗಳಿಗೆ ಸೂಜಿ ಚುಚ್ಚುವ ಚೀನಿ ಚಿಕಿತ್ಸೆ, ಕೇಳಿಕೊಂಡು ಬರುವವರಲ್ಲಿ ಹೆಚ್ಚಿನವರು ಮೂರು ಕಾರಣಕ್ಕೆ ಬರುತ್ತಾರೆ. ಸೊಂಟ ಹಿಡಿದು ಮಗ್ಗುಲು ಬದಲಿಸಲೂ ಆಗದವರು ಕೆಲವರು. ‘ಮಗು ಇನ್ನೂ ತಿರುಗಿಲ್ಲ, ತಲೆ ಮೇಲೇ ಇದೆ’ ಎಂದು ಸ್ಕ್ಯಾನಿಂಗಿನಲ್ಲಿ ಹೇಳಿಸಿಕೊಂಡವರು ಕೆಲವರು. ಕೊಟ್ಟ ತಾರೀಖು ದಾಟಿದರೂ ನೋವು ಬಾರದೆ, ಡ್ರಿಪ್ ಹಾಕಿಸಿಕೊಳ್ಳುವ ಮೊದಲು ಇದೊಂದು ನೋಡಿಬಿಡೋಣ ಎನ್ನುವವರು ಇನ್ನು ಕೆಲವರು. ಸೊಂಟದವರಿಗೆ ಧೈರ್ಯವಾಗಿ ‘ಮಾಡಿಸಿ ನೋಡಿ’ ಎನ್ನಬಹುದು. ಮಗು ತಿರುಗದವರಿಗೆ ವಾರ ಲೆಕ್ಕ ಹಾಕಿ ಹೇಳಬೇಕು. ನೋವು ಬರಲಿ ಎಂದು ಕಾಯುವವರಿಗೆ ಹೆಚ್ಚು ಆಸೆ ಹುಟ್ಟಿಸಬಾರದು. ಬಾಯಿಂದ ಬಾಯಿಗೆ ಹಬ್ಬಿದ ಹೆಸರು ಮಾತ್ರ ಈ ಕೊನೆಯದಕ್ಕೇ ಜಾಸ್ತಿ.

ಸೂಜಿಯ ಭಯ ಮೊದಲು ಕಳೆಯಲಿ. ಇಂಜೆಕ್ಷನ್ ಸೂಜಿ ಟೊಳ್ಳು, ಔಷಧಿ ಹರಿಯಲು ಜಾಗ ಬೇಕಾದ್ದರಿಂದ ದಪ್ಪ. ಆಕ್ಯುಪಂಕ್ಚರ್ ಸೂಜಿ ಟೊಳ್ಳಿಲ್ಲದ ಸ್ಟೀಲ್ ಎಳೆ, ದಪ್ಪ ಸಾಮಾನ್ಯವಾಗಿ 0.20ರಿಂದ 0.25 ಮಿಲಿಮೀಟರ್. ಕೈಕಾಲಿಗೆ 25–30 ಮಿ.ಮೀ. ಉದ್ದದ್ದು ಸಾಕು. ಪೃಷ್ಠದಲ್ಲಿ ಸ್ನಾಯು ದಪ್ಪವಿರುವುದರಿಂದ ಅಲ್ಲಿಗೆ ಇನ್ನೂ ಉದ್ದದ್ದು ಬೇಕಾಗುತ್ತದೆ. ಚುಚ್ಚುವಾಗ ಇರುವೆ ಕಚ್ಚಿದಷ್ಟು ಚುರುಕು, ಆಮೇಲೆ ಒಳಗೆ ಭಾರವಾದ ಹಾಗೆ, ಜೋಮು ಹಿಡಿದ ಹಾಗೆ ಒಂದು ಅನುಭವ. ಚೀನಿಯರು ಇದನ್ನು ‘ದೆ ಚಿ’ ಎನ್ನುತ್ತಾರೆ, ಸೂಜಿ ಸರಿಯಾದ ಜಾಗಕ್ಕೆ ತಲುಪಿದ ಗುರುತು ಎಂದು ತಿಳಿಯುತ್ತಾರೆ. ಭಾರವೆನಿಸಿದರೆ ಪರವಾಗಿಲ್ಲ. ಕರೆಂಟ್ ಹೊಡೆದಂತೆ ಜುಮ್ಮೆಂದರೆ ಅಥವಾ ಉರಿದರೆ ನರಕ್ಕೋ ರಕ್ತನಾಳಕ್ಕೋ ತಾಗಿರಬಹುದು. ತಕ್ಷಣ ಹೇಳಬೇಕು, ಸೂಜಿಯನ್ನು ಸ್ವಲ್ಪ ಹಿಂದಕ್ಕೆಳೆದರೆ ಸರಿಹೋಗುತ್ತದೆ.

ಆರು ತಿಂಗಳ ಹಿಂದೆ ಬೆನ್ನು ನೋವಿಗೆ ಇದೇ ಚಿಕಿತ್ಸೆ ಪಡೆದವರಿಗೂ ಈಗ ಮಲಗುವ ಭಂಗಿ ಬೇರೆ. ಬೋರಲು ಮಲಗುವಂತಿಲ್ಲ. ಅಂಗಾತ ಮಲಗಿದರೆ ತುಂಬಿದ ಗರ್ಭಕೋಶ ಬೆನ್ನೆಲುಬಿನ ಬಲಕ್ಕಿರುವ ದೊಡ್ಡ ಅಭಿಧಮನಿಯನ್ನು ಅದುಮುತ್ತದೆ, ಕಾಲಿನ ಕಡೆಯ ರಕ್ತ ಹೃದಯಕ್ಕೆ ಮರಳುವುದು ಕಡಿಮೆಯಾಗಿ ಬಿ.ಪಿ. ಇಳಿಯುತ್ತದೆ, ತಲೆ ಸುತ್ತುತ್ತದೆ. ಹಾಗಾಗಿ ಎಡ ಮಗ್ಗುಲು, ಮಂಡಿಗಳ ನಡುವೆ ಒಂದು ದಿಂಬು, ಹೊಟ್ಟೆಯ ಕೆಳಗೆ ಇನ್ನೊಂದು. ಸೂಜಿಗಳನ್ನು 20ರಿಂದ 30 ನಿಮಿಷ ಬಿಡುತ್ತಾರೆ. ಈ ತಿಂಗಳುಗಳಲ್ಲಿ ಅರ್ಧ ಗಂಟೆ ಮೂತ್ರ ತಡೆಯುವುದೇ ಕಷ್ಟ, ಆದ್ದರಿಂದ ಮೊದಲೇ ಹೋಗಿ ಬರಬೇಕು. ಖಾಲಿ ಹೊಟ್ಟೆಯಲ್ಲಿ ಹೋಗಬಾರದು; ಸೂಜಿ ಚಿಕಿತ್ಸೆಯಲ್ಲಿ ತಲೆ ಸುತ್ತಿ ಬೀಳುವುದಕ್ಕೆ ಹಸಿವು ಒಂದು ದೊಡ್ಡ ಕಾರಣ. ಒಂದು ಗಂಟೆ ಮೊದಲು ಎರಡು ಇಡ್ಲಿ ತಿಂದಿದ್ದರೆ ಸಾಕು. ಮುಗಿದ ಮೇಲೆ ಹಾಕಿದ ಸೂಜಿ ಎಷ್ಟು, ತೆಗೆದದ್ದು ಎಷ್ಟು ಎಂದು ಎಣಿಸಬೇಕು. ತಮಾಷೆಯಲ್ಲ, ಮಗ್ಗುಲಾಗಿ ಮಲಗಿದವರ ಸೊಂಟದ ಮಡಿಕೆಯಲ್ಲಿ ಒಂದು ಉಳಿದುಬಿಡುವುದುಂಟು. ಎದ್ದು ಕೂತು ಒಂದೆರಡು ನಿಮಿಷ ಬಿಟ್ಟು ನಿಲ್ಲಬೇಕು.

ಸೊಂಟ ಎಂದೆವಲ್ಲ, ಅದು ಬರೀ ಬೆನ್ನು ನೋವಲ್ಲ. ಬೆನ್ನಿನ ಕೆಳಗೆ ಎರಡು ಗುಳಿ ಕಾಣುವ ಜಾಗದ ಕೀಲುಗಳಲ್ಲಿ, ಮುಂದೆ ಕಿಬ್ಬೊಟ್ಟೆಯ ಕೆಳಗಿನ ಮೂಳೆ ಕೂಡುವ ಕಡೆ ಹಿಡಿಯುವ ನೋವು. ಆಟೋ ಹತ್ತುವಾಗ, ಒಂಟಿ ಕಾಲಲ್ಲಿ ನಿಂತು ಚೂಡಿದಾರದ ಪ್ಯಾಂಟು ಹಾಕಿಕೊಳ್ಳುವಾಗ, ರಾತ್ರಿ ಮಗ್ಗುಲು ಬದಲಿಸುವಾಗ ಇದರ ನಿಜವಾದ ರೂಪ ಗೊತ್ತಾಗುತ್ತದೆ. ಸ್ವೀಡನ್ನಿನ ಗೋಥೆನ್‌ಬರ್ಗ್ ಸುತ್ತಮುತ್ತ 386 ಗರ್ಭಿಣಿಯರ ಮೇಲೆ ನಡೆದ ಪ್ರಯೋಗದ ವರದಿ 2005ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಮಾಮೂಲಿ ಸಲಹೆ ಮತ್ತು ಸೊಂಟದ ಬೆಲ್ಟ್, ಇನ್ನೊಂದಕ್ಕೆ ಅದರ ಜೊತೆ ಆಕ್ಯುಪಂಕ್ಚರ್, ಮತ್ತೊಂದಕ್ಕೆ ಅದರ ಜೊತೆ ಸೊಂಟ ಗಟ್ಟಿ ಮಾಡುವ ವ್ಯಾಯಾಮ. ಆರು ವಾರ ಕಳೆದಾಗ, 100ಕ್ಕೆ ಅಳೆದ ಸಂಜೆಯ ನೋವು ಮಾಮೂಲಿ ಗುಂಪಿಗಿಂತ ಸೂಜಿಯವರಲ್ಲಿ 27 ಅಂಕ ಕಡಿಮೆ, ವ್ಯಾಯಾಮದವರಲ್ಲಿ 13 ಅಂಕ ಕಡಿಮೆ.

ಇಲ್ಲಿಗೇ ನಿಲ್ಲಿಸಿದರೆ ಅರ್ಧ ಸತ್ಯ. ಅದೇ ತಂಡ 2008ರಲ್ಲಿ 115 ಮಂದಿಯಲ್ಲಿ ನಿಜವಾದ ಸೂಜಿಯನ್ನು ಹುಸಿ ಸೂಜಿಯ ಜೊತೆ ಹೋಲಿಸಿತು. ಹುಸಿ ಸೂಜಿಯ ತುದಿ ಮೊಂಡು, ಒತ್ತಿದರೆ ಹಿಡಿಯೊಳಗೇ ಸರಿಯುತ್ತದೆ. ಮಲಗಿದವರಿಗೆ ಚುಚ್ಚಿದಂತೆಯೇ ಅನ್ನಿಸುತ್ತದೆ, ಚರ್ಮದ ಒಳಗೆ ಹೋಗುವುದಿಲ್ಲ. ಎರಡರಲ್ಲೂ ನೋವು ಕಡಿಮೆಯಾಯಿತು, ನೋವಿನ ಅಳತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ನಿಜವಾದ ಸೂಜಿಯವರಲ್ಲಿ ಕೆಲಸಕ್ಕೆ ಹೋಗುತ್ತಿದ್ದವರು ಹೆಚ್ಚು, ಅಷ್ಟೇ. ಸುಮ್ಮನೆ ಅರ್ಧ ಗಂಟೆ ಮಲಗುವುದು, ಮೈ ಮುಟ್ಟಿ ನೋಡುವ ಕೈ, ಗುಣವಾಗುತ್ತದೆಂಬ ನಿರೀಕ್ಷೆ, ಇವುಗಳ ಪಾಲೂ ಇದರಲ್ಲಿ ದೊಡ್ಡದೇ ಇರಬೇಕು. ಹಾಗಿದ್ದರೂ ಈ ತಿಂಗಳುಗಳಲ್ಲಿ ಐಬುಪ್ರೊಫೇನ್ ಜಾತಿಯ ಮಾತ್ರೆ ನುಂಗುವಂತಿಲ್ಲ, ಅವು ಮಗುವಿನ ಹೃದಯದ ಬಳಿಯ ರಕ್ತನಾಳಕ್ಕೂ ಮೂತ್ರಪಿಂಡಕ್ಕೂ ತೊಂದರೆ. ಪ್ಯಾರಸಿಟಮಾಲ್, ಬೆಲ್ಟ್, ವ್ಯಾಯಾಮದ ಜೊತೆಗೆ ಇನ್ನೊಂದು ಉಪಾಯ ಸಿಗುವುದಾದರೆ ಬೇಡವೆನ್ನಲು ಕಾರಣವಿಲ್ಲ. ವಾರಕ್ಕೆ ಎರಡು ಸಲದಂತೆ ಆರು ಸಲ ಮಾಡಿಸಿದರೂ ಏನೂ ಬದಲಾಗದಿದ್ದರೆ ಅಲ್ಲಿಗೆ ಬಿಡುವುದು ಒಳ್ಳೆಯದು.

ಆದರೆ ಯಾವ ಸೊಂಟ ನೋವು ಎಂದು ಮೊದಲು ನೋಡಬೇಕು. ಹಿಡಿದು, ಬಿಟ್ಟು, ಮತ್ತೆ ಅಷ್ಟೇ ಹೊತ್ತಿಗೆ ಹಿಡಿಯುವ ನೋವು ಹೆರಿಗೆಯದು. ಜೊತೆಗೆ ಉರಿಮೂತ್ರ, ಚಳಿ ಜ್ವರ ಇದ್ದರೆ ಸೋಂಕು. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಅಲ್ಲಿ ಸೂಜಿಯೂ ಬೇಡ, ತಿಕ್ಕುವುದೂ ಬೇಡ. ರಕ್ತ ಕಂಡರೆ, ನೀರು ಹೋದರೆ, ಮಗು ಮಿಸುಕುವುದು ಕಡಿಮೆಯಾದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ ನೇರ ಆಸ್ಪತ್ರೆಗೆ.

ಮಗು ತಿರುಗಿಸುವ ವಿಷಯಕ್ಕೆ ಬಂದರೆ, ಅಲ್ಲಿ ಸೂಜಿಗಿಂತ ಶಾಖವೇ ಮುಖ್ಯ. ಕಾಲಿನ ಕಿರುಬೆರಳಿನ ಉಗುರಿನ ಹೊರ ಮೂಲೆಯಲ್ಲಿ ಒಂದು ಬಿಂದು, ಚೀನಿ ಹೆಸರು ಝಿಯಿನ್, ಆಕ್ಯುಪಂಕ್ಚರ್ ಬಿಂದುಗಳ ಪಟ್ಟಿಯಲ್ಲಿ ಬಿ.ಎಲ್. 67. ಒಣಗಿಸಿ ಪುಡಿ ಮಾಡಿದ ಆರ್ಟಿಮೀಸಿಯಾ ಎಲೆಯನ್ನು ಕಾಗದದಲ್ಲಿ ಬಿಗಿಯಾಗಿ ಸುತ್ತಿದ ಕಡ್ಡಿಯನ್ನು ಹೊತ್ತಿಸಿ ಈ ಬಿಂದುವಿಗೆ ಶಾಖ ಕೊಡುತ್ತಾರೆ. ಇದಕ್ಕೆ ಮಾಕ್ಸಾ ಎಂದು ಹೆಸರು. ನಮ್ಮ ಹೂವಿನ ಅಂಗಡಿಯ ದವನ, ಗಣೇಶನ ಪತ್ರೆಗಳಲ್ಲಿ ಬರುವ ಮಾಚಿಪತ್ರೆ ಇದೇ ಕುಲದ ಗಿಡಗಳು. ಆದರೆ ಹೊಗೆ ದವನದಷ್ಟು ಹಿತವಲ್ಲ. ಪರದೆ, ಹಾಸಿಗೆಗೆಲ್ಲ ಹಿಡಿದು ನಾಲ್ಕು ದಿನ ಬಿಡುವುದಿಲ್ಲ.

ತುಂಬು ಹೊಟ್ಟೆಯವರ ಕೈ ಕಿರುಬೆರಳಿಗೆ ಎಟುಕುವುದಿಲ್ಲ, ಕಡ್ಡಿ ಹಿಡಿಯಲು ಇನ್ನೊಬ್ಬರು ಬೇಕು. ಒರಗಿ ಕೂರಬೇಕು, ಹೊಟ್ಟೆಯ ಮೇಲೆ ಬಿಗಿ ಇರಬಾರದು, ಕಿಟಕಿ ತೆರೆದು ಫ್ಯಾನ್ ನಿಲ್ಲಿಸಬೇಕು. ಕೆಂಡದ ತುದಿ ಚರ್ಮದಿಂದ 2–3 ಸೆಂಟಿಮೀಟರ್ ದೂರದಲ್ಲಿರಲಿ. ಹಿಡಿಯುವವರು ತಮ್ಮ ಬೆರಳೊಂದನ್ನು ಆ ಕಿರುಬೆರಳಿನ ಪಕ್ಕದಲ್ಲೇ ಇಟ್ಟುಕೊಂಡರೆ ಬಿಸಿ ಎಷ್ಟಾಯಿತೆಂದು ಅವರಿಗೇ ತಿಳಿಯುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರಲ್ಲಿ ಗೊತ್ತಾಗದೆ ಬೊಬ್ಬೆ ಏಳುವುದು ಹೀಗೆ ನೋಡದಿದ್ದಾಗಲೇ. ಒಂದೊಂದು ಕಾಲಿಗೆ 15 ನಿಮಿಷ, ದಿನಕ್ಕೆ ಒಂದು ಅಥವಾ ಎರಡು ಸಲ, ಒಂದು ವಾರ. ಮುಗಿದ ಮೇಲೆ ತುದಿಯನ್ನು ಮರಳು ತುಂಬಿದ ಡಬ್ಬಿಗೆ ಚುಚ್ಚಿಡಬೇಕು. ಮೇಲೆ ಆರಿದಂತೆ ಕಂಡರೂ ಒಳಗೆ ಕೆಂಡ ಉಳಿದಿರುತ್ತದೆ, ಕಸದ ಬುಟ್ಟಿಗೆ ಹಾಕಿದರೆ ಬುಟ್ಟಿಯೇ ಹೊತ್ತಿಕೊಂಡೀತು.

ಈ ಕ್ರಮದ ಹೆಸರು ಹಬ್ಬಿಸಿದ್ದು 1998ರಲ್ಲಿ ಪ್ರಕಟವಾದ ಚೀನಾದ ಒಂದು ಪ್ರಯೋಗ. 33ನೇ ವಾರದ 260 ಚೊಚ್ಚಲ ಗರ್ಭಿಣಿಯರಲ್ಲಿ ಅರ್ಧದಷ್ಟು ಜನಕ್ಕೆ ಮಾಕ್ಸಾ ಕೊಟ್ಟರು. 35ನೇ ವಾರಕ್ಕೆ ಅವರಲ್ಲಿ 130ಕ್ಕೆ 98 ಮಕ್ಕಳು ತಲೆ ಕೆಳಗೆ ಮಾಡಿದ್ದವು. ಏನೂ ಕೊಡದ 130 ಮಂದಿಯಲ್ಲಿ 62 ಮಕ್ಕಳು ತಾವಾಗಿಯೇ ತಿರುಗಿದ್ದವು. ಈ ಎರಡನೆಯ ಸಂಖ್ಯೆಯನ್ನು ಮರೆತವರೇ ‘ಮಾಕ್ಸಾದಿಂದ ತಿರುಗಿತು’ ಎನ್ನುವುದು. ಇಟಲಿಯಲ್ಲಿ ಇದೇ ಪ್ರಯೋಗ ಮಾಡಹೊರಟಾಗ ಹೊಗೆಯ ವಾಸನೆ, ವಾಕರಿಕೆ, ಹೊಟ್ಟೆ ಬಿಗಿತ ಎಂದು ಹಲವರು ದೂರಿದರು. 123 ಮಂದಿಯಾಗುವಷ್ಟರಲ್ಲಿ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು, ಎರಡು ಗುಂಪಿನ ನಡುವೆ ವ್ಯತ್ಯಾಸವೂ ಸಿಗಲಿಲ್ಲ. ಇಂಥ ಪ್ರಯೋಗಗಳನ್ನು ಕೂಡಿಸಿ ತೂಗಿ ನೋಡುವ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ವಿಮರ್ಶೆ 2023ರಲ್ಲಿ, ಮಾಕ್ಸಾದಿಂದ ಸ್ವಲ್ಪ ಉಪಯೋಗವಿರಬಹುದು ಎಂಬಲ್ಲಿಗೆ ಬಂದು ನಿಂತಿದೆ.

ಮಾಡುವುದಾದರೆ 33ರಿಂದ 35ನೇ ವಾರದೊಳಗೆ ಮಾಡಬೇಕು, ಆಮೇಲೆ ಒಳಗೆ ಜಾಗ ಕಡಿಮೆ. ಶುರುವಿಗೆ ಮೊದಲೂ ಮುಗಿದ ಮೇಲೂ ಸ್ಕ್ಯಾನ್ ಬೇಕು. ಆಗಲೇ ತಿರುಗಿರುವ ಮಗುವಿಗೆ ಮತ್ತೆ ಶಾಖ ಕೊಡುವುದರಲ್ಲಿ ಅರ್ಥವಿಲ್ಲ. ಅವಳಿ, ಕೆಳಗಿರುವ ಮಾಸು, ಹಿಂದಿನ ಸಿಸೇರಿಯನ್, ಏರಿದ ಬಿ.ಪಿ. ಇದ್ದರೆ ಮನೆಯಲ್ಲಿ ಪ್ರಯತ್ನ ಬೇಡ. ಕೈಯಿಂದ ಹೊಟ್ಟೆಯ ಮೇಲೆ ಒತ್ತಿ ಮಗು ತಿರುಗಿಸುವ ಕ್ರಮ 36–37ನೇ ವಾರದಲ್ಲಿ ಆಸ್ಪತ್ರೆಯಲ್ಲೇ ಇದೆ, ಸುಮಾರು ಅರ್ಧದಷ್ಟು ಜನರಲ್ಲಿ ಫಲಿಸುತ್ತದೆ. ಮಾಕ್ಸಾದ ನೆಪದಲ್ಲಿ ಆ ವಾರ ಕೈತಪ್ಪಬಾರದು.

ಇನ್ನು ಹೆರಿಗೆ ನೋವು ಬರಿಸುವ ಸೂಜಿ. ಕಣಕಾಲಿನ ಒಳಬದಿಯ ಗಂಟಿನಿಂದ ನಾಲ್ಕು ಬೆರಳಗಲ ಮೇಲೆ, ಮೂಳೆಯ ಹಿಂಬದಿಯಲ್ಲಿ ಒಂದು ಬಿಂದು, ಎಸ್.ಪಿ. 6, ಬೆರಳಗಲ ಚುಚ್ಚಿಸಿಕೊಳ್ಳುವವರದು, ಚುಚ್ಚುವವರದಲ್ಲ. ಹೆಬ್ಬೆರಳು ತೋರುಬೆರಳ ನಡುವಿನದು ಎಲ್.ಐ. 4. ಭುಜದ ಮೇಲೆ, ತ್ರಿಕಾಸ್ಥಿಯ ಮೇಲೆ ಇನ್ನಷ್ಟು. 37 ವಾರ ತುಂಬುವ ಮೊದಲು ಇವನ್ನು ಮುಟ್ಟಬಾರದೆಂಬುದು ಹಳೆಯ ನಿಯಮ, ಹೆಚ್ಚಿನವರು ಈಗಲೂ ಪಾಲಿಸುತ್ತಾರೆ. ತಮಾಷೆ ಇರುವುದು ಇಲ್ಲೇ: ನೋವು ಬರಿಸುವ ಶಕ್ತಿ ಅಷ್ಟಿದ್ದಿದ್ದರೆ, ದಿನ ತುಂಬಿದವರಲ್ಲಿ ಪ್ರಯೋಗ ಮಾಡಿದಾಗ ಅದು ಎದ್ದು ಕಾಣಬೇಕಿತ್ತು. ಕಾಕ್ರೇನ್ 2017ರಲ್ಲಿ ಆಕ್ಯುಪಂಕ್ಚರ್ ಮತ್ತು ಆಕ್ಯುಪ್ರೆಶರಿನ (ಸೂಜಿಯಿಲ್ಲದೆ ಅದೇ ಬಿಂದುಗಳನ್ನು ಒತ್ತುವುದು) 22 ಪ್ರಯೋಗಗಳನ್ನು, 3,456 ಮಹಿಳೆಯರ ಲೆಕ್ಕವನ್ನು ಒಟ್ಟಿಗೆ ನೋಡಿತು. ಗರ್ಭಕೋಶದ ಬಾಯಿ ಕೊಂಚ ಮೆತ್ತಗಾಗುವ ಸೂಚನೆ ಸಿಕ್ಕಿತು, ಸಿಸೇರಿಯನ್ ಕಡಿಮೆಯಾದ ಸ್ಪಷ್ಟ ಗುರುತು ಸಿಗಲಿಲ್ಲ.

ಮಾಡಿಸುವವರನ್ನು ಆರಿಸುವಾಗ ನೋಡಬೇಕಾದ್ದು ಹೆಚ್ಚಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯ 2019ರಲ್ಲಿ ಆಕ್ಯುಪಂಕ್ಚರನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿಯೆಂದು ಮಾನ್ಯ ಮಾಡಿದೆ. ಕರ್ನಾಟಕದಲ್ಲಿ ಪ್ರಕೃತಿ ಚಿಕಿತ್ಸೆಯ ಬಿ.ಎನ್.ವೈ.ಎಸ್. ಓದಿದವರೂ ಇದನ್ನು ಕಲಿತಿರುತ್ತಾರೆ. ಸೂಜಿಯ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೆಯಬೇಕು, ಬಳಸಿದ್ದು ಶಾರ್ಪ್ಸ್ ಡಬ್ಬಿಗೆ, ಅಂದರೆ ಬಳಸಿದ ಸೂಜಿ ಹಾಕುವ ಗಟ್ಟಿ ಡಬ್ಬಿಗೆ, ಬೀಳಬೇಕು. ಒಬ್ಬರ ಸೂಜಿ ಇನ್ನೊಬ್ಬರಿಗೆ ಹಾಕಿದ ಕಡೆ ಹೆಪಟೈಟಿಸ್ ಬಿ ಹರಡಿದ ಉದಾಹರಣೆಗಳಿವೆ. ಹೊಟ್ಟೆಯ ಮೇಲೆ ಸೂಜಿಗಳ ಮೂಲಕ ಕರೆಂಟ್ ಕೊಡುತ್ತೇವೆಂದರೆ ಎದ್ದು ಬನ್ನಿ. ತಾಯಿ ಕಾರ್ಡ್ ಜೊತೆಗಿರಲಿ. ರಕ್ತ ತೆಳುವಾಗಿಸುವ ಇಂಜೆಕ್ಷನ್, ಆಸ್ಪಿರಿನ್ ನಡೆಯುತ್ತಿದ್ದರೆ ಮೊದಲೇ ತೋರಿಸಿ.

ದಿನ ತುಂಬಿದ ಮೇಲೆ ಎರಡು ಮೂರು ಸಲ ಚುಚ್ಚಿಸಿಕೊಂಡರೆ ಹೆಚ್ಚೆಂದರೆ ಅಲ್ಲಲ್ಲಿ ನೀಲಿಗಟ್ಟೀತು. ನಿಜವಾದ ಅಪಾಯ ಶುರುವಾಗುವುದು 41ನೇ ವಾರಕ್ಕೆ ಅಡ್ಮಿಟ್ ಆಗಲು ಹೇಳಿದ ದಿನ, ‘ಮೊನ್ನೆ ತಾನೇ ಸೂಜಿ ಹಾಕಿಸಿದ್ದೇವೆ, ಇನ್ನೆರಡು ದಿನ ನೋಡೋಣ’ ಎಂದು ಮನೆಯಲ್ಲೇ ಕೂತಾಗ.