ಟ್ಯಾಗ್ ಮಾಡಿ ಹಾಕಿದ ದೂರು ಎಲ್ಲಿಗೆ ಹೋಗುತ್ತದೆ?

ಓದುಗರ ಪ್ರಶ್ನೆ: ನಮ್ಮ ಬೀದಿಯ ದೀಪ ಕೆಟ್ಟು ಹೋಗಿದೆ. ಜನಪ್ರತಿನಿಧಿಯ ಪೋಸ್ಟಿನ ಕೆಳಗೆ ಮೂರು ಸಲ ಕಾಮೆಂಟ್ ಹಾಕಿದೆ, ಟ್ಯಾಗ್ ಕೂಡ ಮಾಡಿದೆ. ಒಂದು ಲೈಕ್ ಬಂತು, ಅಷ್ಟೇ. ಇವರು ನಿಜವಾಗ್ಲೂ ಓದುತ್ತಾರಾ? ಅಥವಾ ಇದೆಲ್ಲ ಬರೀ ಪ್ರಚಾರವಾ?

ಓದುತ್ತಾರೆ. ಆದರೆ ಹೆಚ್ಚಿನ ಸಲ ಓದುವವರು ಅವರಲ್ಲ, ಅವರ ಕಡೆಯವರು. ಓದಿದ ಮಾತ್ರಕ್ಕೆ ಅದು ದೂರು ಅಂತ ದಾಖಲಾಗುವುದೂ ಇಲ್ಲ. ನಿಮಗೆ ಬಂದ ಆ ಒಂದು ಲೈಕ್ ಇದೆಯಲ್ಲ, ಅದನ್ನು ಒತ್ತಿದ ಬೆರಳು ಸಂಬಳಕ್ಕೆ ಕೂತ ಯಾವುದೋ ಹುಡುಗ ಹುಡುಗಿಯದ್ದಾಗಿರುವ ಸಾಧ್ಯತೆಯೇ ಜಾಸ್ತಿ.

ದೊಡ್ಡ ನಾಯಕರ ಖಾತೆ ಅಂದರೆ ಒಂದು ತಂಡದ ಕೆಲಸ. ಒಬ್ಬರು ಭಾಷಣದಿಂದ ಎರಡು ಸಾಲು ಹೆಕ್ಕುತ್ತಾರೆ. ಇನ್ನೊಬ್ಬರು ವಿಡಿಯೊ ಕತ್ತರಿಸುತ್ತಾರೆ. ಮತ್ತೊಬ್ಬರು ಕಾಮೆಂಟ್‌ಗಳ ಮೇಲೆ ಕಣ್ಣಿಟ್ಟಿರುತ್ತಾರೆ. ಬರಾಕ್ ಒಬಾಮಾ ಅವರ ತಂಡ 2011ರಲ್ಲಿ ಇದನ್ನು ನೇರವಾಗಿ ಒಪ್ಪಿಕೊಂಡಿತ್ತು. ಟ್ವಿಟರ್ ಖಾತೆಯನ್ನು ಸಿಬ್ಬಂದಿ ನಡೆಸುತ್ತಾರೆ, ಅಧ್ಯಕ್ಷರೇ ಬರೆದಿದ್ದಾದರೆ ಕೊನೆಗೆ 'ಬಿಒ' ಅಂತ ಅವರ ಹೆಸರಿನ ಮೊದಲಕ್ಷರಗಳು ಇರುತ್ತವೆ ಅಂತ ಹೇಳಿತ್ತು. ಎಲ್ಲ ನಾಯಕರೂ ಹೀಗೆ ಮಾಡಿದ್ದರೆ ಚೆನ್ನಾಗಿತ್ತು, ಅಲ್ವಾ? ಆ ಗುರುತು ಎಷ್ಟು ಅಪರೂಪಕ್ಕೆ ಕಾಣಿಸುತ್ತದೆ ಅನ್ನೋದೇ ಒಂದು ಸುದ್ದಿಯಾಗುತ್ತಿತ್ತು.

ಒಂದು ಪೋಸ್ಟಿಗೆ ಸಾವಿರಾರು ಕಾಮೆಂಟ್ ಬಂದರೆ ತಂಡದವರು ಏನು ಮಾಡುತ್ತಾರೆ? ಒಂದೊಂದನ್ನೂ ಓದಿ ಉತ್ತರ ಬರೆಯುವುದಿಲ್ಲ, ಎಣಿಸುತ್ತಾರೆ. ಅದಕ್ಕೆಂದೇ ಸಾಫ್ಟ್‌ವೇರ್ ಇದೆ. ಯಾವ ವಿಷಯಕ್ಕೆ ಎಷ್ಟು ಮಾತು ಬಂದಿದೆ, ಅದರಲ್ಲಿ ಹೊಗಳಿಕೆ ಎಷ್ಟು, ಸಿಟ್ಟು ಎಷ್ಟು ಅಂತ ಅದು ಲೆಕ್ಕ ಹಾಕಿ ಕೊಡುತ್ತದೆ. ನಿಮ್ಮ ಬೀದಿದೀಪ ಅಲ್ಲಿ ದೀಪವಾಗಿ ಉಳಿಯುವುದಿಲ್ಲ. 'ಸೌಲಭ್ಯ, ಅಸಮಾಧಾನ' ಅನ್ನುವ ಕಾಲಂನಲ್ಲಿ ಒಂದು ಅಂಕಿ ಆಗುತ್ತದೆ. ಅದರಿಂದ ಅವರಿಗೆ ಉಪಯೋಗವಿದೆ. ಮುಂದಿನ ಭಾಷಣದಲ್ಲಿ ಏನು ಹೇಳಬೇಕು ಅಂತ ಗೊತ್ತಾಗುತ್ತದೆ. ಬಲ್ಬ್ ಬದಲಿಸಬೇಕಾದ ಮನುಷ್ಯನಿಗೆ ಮಾತ್ರ ವಿಷಯ ಮುಟ್ಟುವುದಿಲ್ಲ.

ಇನ್ನು ನೀವು ಟ್ಯಾಗ್ ಮಾಡಿದ್ದು ಯಾವ ಖಾತೆಯನ್ನು? ಇದನ್ನು ಬಹಳ ಜನ ನೋಡುವುದೇ ಇಲ್ಲ. ಒಬ್ಬರೇ ನಾಯಕರ ಮುಖ ಇರುವ ಖಾತೆ ಮೂರು ಥರದ್ದು ಇರಬಹುದು: ಹುದ್ದೆಯದ್ದು, ಸ್ವಂತದ್ದು, ಪಕ್ಷದ್ದು. ಅಮೆರಿಕದ ಅಧ್ಯಕ್ಷರ ಹುದ್ದೆಗೆ 2015ರ ಮೇ ತಿಂಗಳಲ್ಲಿ 'ಪೋಟಸ್' (ಅಮೆರಿಕದ ಅಧ್ಯಕ್ಷ ಅನ್ನುವುದರ ಇಂಗ್ಲಿಷ್ ಚುಟುಕು ರೂಪ) ಅನ್ನುವ ಟ್ವಿಟರ್ ಖಾತೆ ಶುರುವಾಯಿತು. 2017ರ ಜನವರಿ 20ರಂದು ಒಬಾಮಾ ಹೋದರು, ಟ್ರಂಪ್ ಬಂದರು. ಖಾತೆ ಹುದ್ದೆಯ ಜೊತೆ ಉಳಿಯಿತು. ಒಬಾಮಾ ಬರೆದದ್ದೆಲ್ಲ 'ಪೋಟಸ್44' ಅನ್ನುವ ಇನ್ನೊಂದು ಖಾತೆಗೆ ದಾಖಲೆಯಾಗಿ ಹೋಯಿತು. ಕುರ್ಚಿ, ಮೇಜಿನ ಹಾಗೆ ಖಾತೆಯೂ ಕಚೇರಿಯ ಆಸ್ತಿ. ಪಕ್ಷದ ಖಾತೆ ಹಾಗಲ್ಲ. ಅಲ್ಲಿ ನೀವು ದೂರುದಾರ ಅಲ್ಲ, ಮತದಾರ. ಅಲ್ಲಿ ದೀಪದ ವಿಷಯ ಬರೆದರೆ ಎದುರು ಪಕ್ಷದವನಿರಬೇಕು ಅಂತ ನಾಲ್ಕು ಜನ ಬೈದು ಹೋದರೂ ಹೋದರು.

ತಲೆನೋವು ಇರುವುದು ಸ್ವಂತ ಖಾತೆಯದ್ದು. ಅಮೆರಿಕದ ಮಿಷಿಗನ್ ರಾಜ್ಯದ ಪೋರ್ಟ್ ಹ್ಯೂರಾನ್ ಅನ್ನುವ ಊರಿನಲ್ಲಿ ಜೇಮ್ಸ್ ಫ್ರೀಡ್ ಅನ್ನುವವರು ನಗರ ಆಡಳಿತದ ಮುಖ್ಯಸ್ಥರಾಗಿದ್ದರು. ಕಾಲೇಜಿನಲ್ಲಿದ್ದಾಗ ತೆರೆದ ಫೇಸ್‌ಬುಕ್ ಖಾತೆಯನ್ನೇ ಮುಂದುವರಿಸಿಕೊಂಡು ಬಂದಿದ್ದರು. ಅದರಲ್ಲಿ ಮಗಳ ಫೋಟೊ ಇರುತ್ತಿತ್ತು, ಊರಿನ ಕೆಲಸಗಳ ಸುದ್ದಿಯೂ ಇರುತ್ತಿತ್ತು. ಕೋವಿಡ್ ಬಂದಾಗ ಊರಿನವರೊಬ್ಬರು ಅಲ್ಲಿ ಆಡಳಿತವನ್ನು ಟೀಕಿಸಿ ಬರೆದರು. ಫ್ರೀಡ್ ಮೊದಲು ಕಾಮೆಂಟ್ ಅಳಿಸಿದರು, ಆಮೇಲೆ ಬ್ಲಾಕ್ ಮಾಡಿದರು. ಮಾತಾಡುವ ನನ್ನ ಹಕ್ಕನ್ನು ಕಿತ್ತುಕೊಂಡರು ಅಂತ ಆ ಟೀಕಿಸಿದವರು ಕೋರ್ಟಿಗೆ ಹೋದರು. 2024ರ ಮಾರ್ಚ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿದ್ದು ಇಷ್ಟು: ಅಧಿಕಾರಿಗೆ ಆ ವಿಷಯದಲ್ಲಿ ಸರ್ಕಾರದ ಪರವಾಗಿ ಮಾತಾಡುವ ನಿಜವಾದ ಅಧಿಕಾರ ಇರಬೇಕು, ಆ ಪೋಸ್ಟ್ ಹಾಕುವಾಗ ಆ ಅಧಿಕಾರವನ್ನೇ ಬಳಸುತ್ತಿದ್ದೇನೆ ಅಂತ ತೋರಿಸಿಕೊಂಡಿರಬೇಕು. ಎರಡೂ ಇದ್ದರೆ ಅದು ಸರ್ಕಾರದ ನಡೆ. ಇಲ್ಲದಿದ್ದರೆ ಅವರ ಸ್ವಂತ ಜಗಲಿ, ಯಾರನ್ನು ಬೇಕಾದರೂ ಎಬ್ಬಿಸಿ ಕಳಿಸಬಹುದು. ಎರಡೂ ಕಲಸಿದ ಖಾತೆಯಲ್ಲಿ ಒಂದೊಂದು ಪೋಸ್ಟನ್ನೂ ಬೇರೆ ಬೇರೆಯಾಗಿ ನೋಡಬೇಕಾಗಬಹುದು. ಈ ನಿಯಮ ಅಮೆರಿಕದ್ದು, ಎಲ್ಲ ಕಡೆ ಇದೇ ಇಲ್ಲ. ಆದರೆ ಪ್ರಶ್ನೆ ಎಲ್ಲ ಕಡೆಯದ್ದು. ಮಗಳ ಫೋಟೊ ಇರುವ ಖಾತೆಯಲ್ಲೇ ನೀರಿನ ಸರಬರಾಜಿನ ಪ್ರಕಟಣೆಯನ್ನೂ ಹಾಕುವವರು ಯಾವ ದೇಶದಲ್ಲಿಲ್ಲ?

ಹಾಗಾದರೆ ಟ್ಯಾಗ್ ಮಾಡಿದರೆ ಕೆಲಸ ಆಗುವುದೇ ಇಲ್ಲವಾ? ಆಗುತ್ತದೆ. ಆದ ಕಡೆ ಯಾಕೆ ಆಯಿತು ಅಂತ ನೋಡಿ. ಭಾರತದ ವಿದೇಶಾಂಗ ಸಚಿವೆಯಾಗಿದ್ದ ಸುಷ್ಮಾ ಸ್ವರಾಜ್ 2014ರಿಂದ 2019ರವರೆಗೆ ಟ್ವಿಟರ್ ಬಳಸಿದ ರೀತಿ ಬಹಳ ಜನರಿಗೆ ನೆನಪಿದೆ. ಪಾಸ್‌ಪೋರ್ಟ್ ಕಳೆದುಕೊಂಡವರು, ಹೊರದೇಶದಲ್ಲಿ ಸಿಕ್ಕಿಹಾಕಿಕೊಂಡವರು ಬರೆದರೆ ಅವರು ಅಲ್ಲಿನ ರಾಯಭಾರ ಕಚೇರಿಗೆ ಹೇಳುತ್ತಿದ್ದರು. 2016ರಲ್ಲಿ ಒಬ್ಬರು ಕೆಟ್ಟ ಫ್ರಿಜ್ ಮಾರಿದ ಕಂಪನಿಯ ಮೇಲೆ ಅವರಿಗೆ ದೂರು ಕೊಟ್ಟರು. ತಮ್ಮಾ, ಫ್ರಿಜ್ ವಿಷಯದಲ್ಲಿ ನಾನು ಸಹಾಯ ಮಾಡಲಾರೆ, ಕಷ್ಟದಲ್ಲಿರುವ ಮನುಷ್ಯರ ಕೆಲಸವೇ ಕೈತುಂಬ ಇದೆ ಅನ್ನುವ ಅರ್ಥದ ಉತ್ತರ ಬಂತು. ಎಲ್ಲರೂ ನಕ್ಕರು. ನನಗೆ ಅದರಲ್ಲಿ ಕಾಣುವುದು ಬೇರೆ. ಕೆಲಸ ಮಾಡುವ ಕಚೇರಿ ಅವರ ಕೈಕೆಳಗೆ ಇದ್ದಾಗ ಟ್ವೀಟ್ ನಡೆಯಿತು. ಇಲ್ಲದಾಗ, ಎಷ್ಟು ಮನಸ್ಸಿದ್ದರೂ, ತಮಾಷೆಯ ಉತ್ತರ ಬಿಟ್ಟು ಕೊಡುವುದಕ್ಕೆ ಏನೂ ಇರಲಿಲ್ಲ.

ಬೀದಿದೀಪಕ್ಕೇ ಬರೋಣ. ಸ್ಪೇನ್‌ನ ಗ್ರನಾಡಾ ಪಕ್ಕ ಹೂನ್ ಅನ್ನುವ ಪುಟ್ಟ ಊರಿದೆ. ಆಗ ಜನ ಸುಮಾರು 3,500. ಅಲ್ಲಿನ ಮೇಯರ್ ಆಗಿದ್ದ ಹೊಸೆ ಆಂಟೋನಿಯೊ ರೋಡ್ರಿಗೆಸ್ ಸಾಲಾಸ್ ಅವರು 2011ರಿಂದ ಊರಿನ ಆಡಳಿತವನ್ನು ಟ್ವಿಟರ್ ಮೇಲೆ ತಂದರು. ಊರಿನವರು ಪುರಸಭೆಗೆ ಬಂದು ಈ ಖಾತೆ ನಮ್ಮದೇ ಅಂತ ಗುರುತು ಮಾಡಿಸಬಹುದಿತ್ತು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಅಲ್ಲಿ ಕಂಡದ್ದನ್ನು ಬರೆದಿದ್ದಾರೆ. ಒಂದು ರಾತ್ರಿ ಒಬ್ಬ ನಿವಾಸಿ ದೀಪ ಉರಿಯುತ್ತಿಲ್ಲ ಅಂತ ಮೇಯರ್‌ಗೆ ಟ್ವೀಟ್ ಮಾಡಿದರು. ಕೆಲವೇ ನಿಮಿಷದಲ್ಲಿ ಉತ್ತರ ಬಂತು. ನಾಳೆ ನಮ್ಮ ಎಲೆಕ್ಟ್ರಿಷಿಯನ್ ಬಂದು ಸರಿ ಮಾಡುತ್ತಾರೆ ಅಂತ, ಎಲೆಕ್ಟ್ರಿಷಿಯನ್‌ನ ಖಾತೆಯನ್ನೂ ಟ್ಯಾಗ್ ಮಾಡಿ! ಮಾರನೇ ದಿನ ದೀಪ ರಿಪೇರಿಯಾದ ಫೋಟೊ ಬಂತು. ಬೀದಿ ಗುಡಿಸುವವರಿಗೂ ಅಲ್ಲಿ ಖಾತೆ ಇತ್ತು.

ನಿಮಗೆ ಬಾರದ ಉತ್ತರ ಅಲ್ಲಿ ಬಂದದ್ದು ಹೇಗೆ? ಮೇಯರ್ ಒಳ್ಳೆಯವರು ಅನ್ನೋದು ಒಂದು. ಎಲೆಕ್ಟ್ರಿಷಿಯನ್ ಕೂಡ ಅದೇ ಸಾಲಿನಲ್ಲಿ ನಿಂತಿದ್ದ ಅನ್ನೋದು ಅದಕ್ಕಿಂತ ಮುಖ್ಯ. ಯಾರು ಕೇಳಿದರು, ಯಾರಿಗೆ ಹೇಳಿದರು, ಆಯಿತಾ ಇಲ್ಲವಾ ಅಂತ ಇಡೀ ಊರಿಗೆ ಕಾಣುತ್ತಿತ್ತು. ನೀವು ಕಾಮೆಂಟ್ ಹಾಕಿದ ಕಡೆ ಎಲೆಕ್ಟ್ರಿಷಿಯನ್ ಇಲ್ಲ. ಹೊಗಳುವವರು, ಬೈಯುವವರು, ಹಾರದ ಎಮೋಜಿ ಹಾಕುವವರು ಇದ್ದಾರೆ.

'ಬರೀ ಪ್ರಚಾರವಾ' ಅಂತ ಕೇಳಿದ್ದೀರಿ. ಹೆಚ್ಚಿನ ಖಾತೆಗಳ ಮಟ್ಟಿಗೆ ಹೌದು, ಅದು ಧ್ವನಿವರ್ಧಕ. ಕೇಳಿಸಿಕೊಳ್ಳಬೇಕು ಅಂತಲೇ ಮಾಡಿದ ಜಾಗದ ಆಕಾರವೇ ಬೇರೆ. ತೈವಾನ್‌ನಲ್ಲಿ 2015ರಲ್ಲಿ ಊಬರ್ ಟ್ಯಾಕ್ಸಿ ಬೇಕು, ಬೇಡ ಅಂತ ಎರಡು ಗುಂಪಾಗಿ ಜಗಳವಾದಾಗ 'ಪೊಲಿಸ್' (Pol.is) ಅನ್ನುವ ಆನ್‌ಲೈನ್ ಸಾಧನ ಬಳಸಿದರು. ಅದರಲ್ಲಿ ರಿಪ್ಲೈ ಬಟನ್ನೇ ಇಲ್ಲ. ಯಾರೋ ಬರೆದ ಮಾತಿಗೆ ಒಪ್ಪಿಗೆ, ಇಲ್ಲ, ಅಥವಾ ಮುಂದಕ್ಕೆ ಅಂತ ಒತ್ತಬಹುದು, ನಿಮ್ಮದೇ ಒಂದು ಮಾತು ಸೇರಿಸಬಹುದು. ಎದುರಿನವನಿಗೆ ತಿರುಗಿ ಬೈಯಲು ದಾರಿಯಿಲ್ಲ. ಹಾಗಾಗಿ ಪ್ರಯಾಣಿಕರಿಗೆ ವಿಮೆ ಇರಬೇಕು ಅನ್ನುವಂಥ, ಎರಡೂ ಗುಂಪು ಒಪ್ಪುವ ಮಾತುಗಳು ಮೇಲೆ ಬಂದವು. ಮುಂದೆ ಬಂದ ನಿಯಮಗಳಿಗೆ ಅದು ದಾರಿ ಮಾಡಿತು. ಬ್ರಿಟನ್‌ನ ಸಂಸತ್ತಿನ ಅರ್ಜಿ ಜಾಲತಾಣದಲ್ಲೂ ಲೆಕ್ಕ ಸ್ಪಷ್ಟ: 10,000 ಸಹಿ ಆದರೆ ಸರ್ಕಾರದಿಂದ ಉತ್ತರ, 1,00,000 ಆದರೆ ಚರ್ಚೆಗೆ ಪರಿಗಣನೆ. 2019ರಲ್ಲಿ ಬ್ರೆಕ್ಸಿಟ್ (ಯುರೋಪಿಯನ್ ಒಕ್ಕೂಟದಿಂದ ಬ್ರಿಟನ್ ಹೊರಬರುವುದು) ಕೈಬಿಡಿ ಅಂತ 60 ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ಚರ್ಚೆ ನಡೆಯಿತು, ಸರ್ಕಾರ ಆಗಲ್ಲ ಅಂದಿತು. ಬೇಸರದ ಉತ್ತರವೇ, ಆದರೂ ಉತ್ತರ.

ಈಗ ನಿಮ್ಮ ದೀಪ. ಮೊದಲು ದೀಪ ನೋಡಿಕೊಳ್ಳುವ ಇಲಾಖೆಯ ಜಾಲತಾಣವೋ ಆ್ಯಪೋ ಸಹಾಯವಾಣಿಯೋ ಏನಿದೆಯೋ ಅಲ್ಲಿ ದೂರು ಕೊಟ್ಟು ಸಂಖ್ಯೆ ಇಸಕೊಳ್ಳಿ. ಆ ಸಂಖ್ಯೆ ಸಿಕ್ಕ ಮೇಲೆಯೇ ಟ್ಯಾಗ್ ಮಾಡಿ, ಇಲಾಖೆಯನ್ನು ಮೊದಲು, ನಾಯಕರನ್ನು ಆಮೇಲೆ. ಅವರ ಶುಭಾಶಯದ ಪೋಸ್ಟರ್ ಕೆಳಗೆ ಹಾಕಬೇಡಿ, ನಿಮ್ಮದೇ ಪೋಸ್ಟ್ ಮಾಡಿ. "ಇಂಥ ಕಡೆ, ಕಂಬದ ನಂಬರ್ ಇಷ್ಟು, ಇಂಥ ದಿನದಿಂದ ಉರಿಯುತ್ತಿಲ್ಲ, ದೂರು ಸಂಖ್ಯೆ ಇದು" ಅಂತ ನಾಲ್ಕು ತುಂಡು ಮಾತು, ಒಂದು ಫೋಟೊ. 'ನಿಮಗೆ ಕಣ್ಣಿಲ್ಲವಾ' ಅನ್ನುವ ಸಾಲು ಸೇರಿಸಿದರೆ ಸಾಫ್ಟ್‌ವೇರ್ ನಿಮ್ಮನ್ನು ಸಿಟ್ಟಿನ ಕಾಲಂಗೆ ಹಾಕುತ್ತದೆ, ಅಷ್ಟೇ.

ಫೋನ್ ನಂಬರ್ ಮಾತ್ರ ಎಲ್ಲರಿಗೂ ಕಾಣುವ ಹಾಗೆ ಬರೆಯಬೇಡಿ. ದೂರು ಹಾಕಿದವರನ್ನೇ ಹುಡುಕಿ, ಇಲಾಖೆಯ ಹೆಸರಿನಲ್ಲಿ ಮೆಸೇಜ್ ಮಾಡಿ ಲಿಂಕ್ ಕಳಿಸುವ ಕಳ್ಳರಿದ್ದಾರೆ. ಎಕ್ಸ್‌ನಲ್ಲಿ (ಮೊದಲಿನ ಟ್ವಿಟರ್) ನೀಲಿ ಟಿಕ್ ದುಡ್ಡಿಗೆ ಸಿಗುತ್ತದೆ, ಸರ್ಕಾರಿ ಖಾತೆಗಳಿಗೆ ಕೊಡುವುದು ಬೂದು ಬಣ್ಣದ್ದು. ದೀಪ ಸರಿ ಮಾಡಲು ಒಟಿಪಿ ಕೇಳಿದರೆ ಸೀದಾ ಬ್ಲಾಕ್ ಮಾಡಿ. ಇದಕ್ಕೆ ಯಾವ ಕೋರ್ಟಿನ ಅಪ್ಪಣೆಯೂ ಬೇಡ.