ಬಿಎಂಸಿ, ಐಪಿಎಂಐ, ರೆಡ್‌ಫಿಶ್: ಸೆನ್ಸರ್ ತೋರಿಸುವ ಅಂಕಿ ಎಲ್ಲಿಂದ ಬರುತ್ತದೆ?

ಸರ್ವರ್ ಹ್ಯಾಂಗ್ ಆಗಿದೆ, ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಸಿಗುತ್ತಿಲ್ಲ, ಪಿಂಗ್‌ಗೂ ಉತ್ತರವಿಲ್ಲ. ಆದರೂ ದೂರದಲ್ಲೇ ಕೂತು ಅದರ ಫ್ಯಾನ್ ವೇಗ ನೋಡಬಹುದು, ಪವರ್ ಆಫ್ ಮಾಡಿ ಮತ್ತೆ ಆನ್ ಮಾಡಬಹುದು. ಕಾರಣ, ಮದರ್‌ಬೋರ್ಡ್ ಮೇಲೆ ಬೇಸ್‌ಬೋರ್ಡ್ ಮ್ಯಾನೇಜ್‌ಮೆಂಟ್ ಕಂಟ್ರೋಲರ್, ಅಂದರೆ ಬಿಎಂಸಿ ಎಂಬ ಇನ್ನೊಂದು ಪುಟ್ಟ ಕಂಪ್ಯೂಟರ್ ಕೂತಿದೆ. ಪ್ರೊಸೆಸರ್, ಮೆಮೊರಿ, ಫರ್ಮ್‌ವೇರ್ ಎಲ್ಲವೂ ಅದಕ್ಕೆ ಬೇರೆಯೇ. ಸರ್ವರ್ ಆಫ್ ಇದ್ದರೂ ಸ್ಟ್ಯಾಂಡ್‌ಬೈ ಕರೆಂಟ್ ಬರುತ್ತಿದ್ದರೆ ಸಾಕು, ಅದು ಕೆಲಸ ಮಾಡುತ್ತಿರುತ್ತದೆ. ಡೆಲ್‌ನ ಐಡ್ರ್ಯಾಕ್, ಎಚ್‌ಪಿಇಯ ಐಎಲ್‌ಒ ಇದೇ ಬಗೆಯವು.

ಈ ಬಿಎಂಸಿ ಜೊತೆ ಮಾತಾಡಲು ಎಲ್ಲರಿಗೂ ಒಂದೇ ಭಾಷೆ ಇರಲಿ ಎಂದು ಇಂಟೆಲ್, ಡೆಲ್, ಎಚ್‌ಪಿ, ಎನ್‌ಇಸಿ ಸೇರಿ 1998ರಲ್ಲಿ ಐಪಿಎಂಐ ಎಂಬ ಮಾನದಂಡ ತಂದವು. 2004ರ 2.0 ಆವೃತ್ತಿಯೇ ಇಂದಿಗೂ ಬಳಕೆಯಲ್ಲಿದೆ. ನೆಟ್‌ವರ್ಕ್ ಮೂಲಕ ಬಂದರೆ ಯುಡಿಪಿ ಪೋರ್ಟ್ 623.

ಪವರ್ ಕಮಾಂಡ್‌ಗಳನ್ನು ಒಂದು ಸಂಜೆಯಲ್ಲಿ ಕಲಿಯಬಹುದು. ಒಂದೇ ಎಚ್ಚರಿಕೆ: ಈ ಕಮಾಂಡ್‌ಗಳನ್ನು ಕಳಿಸುವ ಐಪಿಎಂಐಟೂಲ್ ಎಂಬ ಪ್ರೋಗ್ರಾಂನಲ್ಲಿ 'ಪವರ್ ಆಫ್' ಅಂದರೆ ಮೆತ್ತಗೆ ಶಟ್‌ಡೌನ್ ಮಾಡುವುದಲ್ಲ, ನೇರವಾಗಿ ಕರೆಂಟ್ ಕಿತ್ತಂತೆ. ಆಪರೇಟಿಂಗ್ ಸಿಸ್ಟಂಗೆ ಹೇಳಿ ನಿಲ್ಲಿಸಬೇಕಾದರೆ 'ಪವರ್ ಸಾಫ್ಟ್' ಕೊಡಬೇಕು. ನಿಜವಾಗಿ ಸಮಯ ಕೊಟ್ಟು ಓದಬೇಕಾದ್ದು ಸೆನ್ಸರ್ ಭಾಗ ಎನ್ನುವುದು ನನ್ನ ಅಭಿಪ್ರಾಯ.

ಐಪಿಎಂಐನಲ್ಲಿ ವೋಲ್ಟೇಜ್, ಉಷ್ಣತೆಯಂಥ ಸೆನ್ಸರ್‌ಗಳ ಓದು ಬರುವುದು 8 ಬಿಟ್‌ನಲ್ಲಿ, ಅಂದರೆ 0ಯಿಂದ 255ರೊಳಗಿನ ಒಂದು ಸಂಖ್ಯೆಯಾಗಿ. ಅದನ್ನು ವೋಲ್ಟ್ ಅಥವಾ ಆರ್‌ಪಿಎಂ ಆಗಿಸುವ ಸೂತ್ರದ ಅಂಶಗಳು ಎಸ್‌ಡಿಆರ್ ಎಂಬ ದಾಖಲೆಯಲ್ಲಿರುತ್ತವೆ. 12 ವೋಲ್ಟ್ ಲೈನಿನ ಗುಣಕ 63, ಹತ್ತರ ಘಾತ ಮೈನಸ್ 3 (ಅಂದರೆ ಸಾವಿರದಿಂದ ಭಾಗಿಸಬೇಕು) ಎಂದಿಟ್ಟುಕೊಳ್ಳಿ. ಬಿಎಂಸಿ 192 ಎಂದರೆ 192 × 63 = 12096, ಅಂದರೆ 12.096 ವೋಲ್ಟ್. ಮುಂದಿನ ಮೆಟ್ಟಿಲು 193ಕ್ಕೆ 12.159. ನಡುವೆ ಬೇರೆ ಅಂಕಿಯೇ ಇಲ್ಲ! ಗ್ರಾಫ್‌ನಲ್ಲಿ ವೋಲ್ಟೇಜ್ ಇವೆರಡರ ಮಧ್ಯೆ ಕುಣಿಯುತ್ತಿದ್ದರೆ ಪವರ್ ಸಪ್ಲೈ ಕೆಟ್ಟಿದೆ ಎಂಬ ತೀರ್ಮಾನಕ್ಕೆ ಹಾರಬೇಡಿ. ಒಂದು ಬಿಟ್ ಆಚೀಚೆ ಆಗುತ್ತಿದೆ ಅಷ್ಟೇ. ಮೂರು ದಶಮಾಂಶ ಸ್ಥಾನ ಕಂಡ ಮಾತ್ರಕ್ಕೆ ಅಷ್ಟು ನಿಖರತೆ ಇದೆ ಎಂದಲ್ಲ. ಫ್ಯಾನ್ ವೇಗ ನೂರು ನೂರರ ಹೆಜ್ಜೆಯಲ್ಲಿ ಜಿಗಿಯುವುದಕ್ಕೂ ಇದೇ ಕಾರಣ.

ಇಂಥ ಒಂದು ಸೆನ್ಸರ್‌ಗೆ ಇಡಬಹುದಾದ ಮಿತಿಗಳು ಆರು: ಮೇಲೆ ಮೂರು, ಕೆಳಗೆ ಮೂರು, ಎಚ್ಚರಿಕೆಯಿಂದ ಹಿಡಿದು ಅಪಾಯದವರೆಗೆ. ಮಿತಿ ದಾಟಿದರೆ ಎಸ್‌ಇಎಲ್ ಎಂಬ ಘಟನಾ ದಾಖಲೆಯಲ್ಲಿ ಒಂದು ಸಾಲು ಬೀಳುತ್ತದೆ. ಇದನ್ನು ಓದುವಾಗ ಮೊದಲು ಬಿಎಂಸಿಯ ಗಡಿಯಾರ ನೋಡಿ. ಅದು ಲಿನಕ್ಸ್‌ನ ಸಮಯಕ್ಕೆ ಹೊಂದಿಕೊಂಡೇ ಇರಬೇಕೆಂದಿಲ್ಲ. ಐದೂವರೆ ಗಂಟೆ ವ್ಯತ್ಯಾಸ ಕಂಡರೆ ಅದು ಯುಟಿಸಿಯಲ್ಲಿದೆ ಎಂದರ್ಥ. ಜಾಗ ತುಂಬಿದ ಮೇಲೆ ಹೊಸ ಘಟನೆಗಳನ್ನು ಬರೆಯದೆ ಬಿಡುವ ಯಂತ್ರಗಳೂ ಇವೆ. ಆದ್ದರಿಂದ ಪ್ರತಿ ಬಾರಿ ಸರ್ವರ್ ಕೆಟ್ಟ ನಂತರ ದಾಖಲೆಯನ್ನು ಬೇರೆ ಕಡೆ ಉಳಿಸಿ, ಆಮೇಲೆ ಖಾಲಿ ಮಾಡಿ.

2015ರಲ್ಲಿ ಮಾನದಂಡಗಳನ್ನು ರೂಪಿಸುವ ಡಿಎಂಟಿಎಫ್ ಸಂಸ್ಥೆ, ಬಿಎಂಸಿ ಜೊತೆ ಮಾತಾಡಲು ರೆಡ್‌ಫಿಶ್ ಎಂಬ ಹೊಸ ಭಾಷೆ ಹೊರತಂದಿತು. ವೆಬ್‌ಸೈಟ್‌ಗಳು ಬಳಸುವ ಎಚ್‌ಟಿಟಿಪಿಎಸ್ ಮೇಲೆ, ಜೆಸನ್ ಎಂಬ ಪಠ್ಯರೂಪದಲ್ಲಿ ಮಾಹಿತಿ. ಕಮಾಂಡ್ ಲೈನಿನಿಂದ ವೆಬ್ ವಿಳಾಸ ತೆರೆಯುವ ಕರ್ಲ್ ಗೊತ್ತಿದ್ದವರು ಆಗಲೇ ಅರ್ಧ ದಾರಿ ಬಂದಂತೆ. ಮೂಲ ವಿಳಾಸ 'ರೆಡ್‌ಫಿಶ್/ವಿ1'. ಅಲ್ಲಿಂದ ಮೂರು ಕವಲು ಗುರುತಿಟ್ಟುಕೊಳ್ಳಿ: ಸಿಸ್ಟಮ್ಸ್‌ನಲ್ಲಿ ಸರ್ವರ್, ಚಾಸಿಸ್‌ನಲ್ಲಿ ಪೆಟ್ಟಿಗೆ, ಫ್ಯಾನ್, ಉಷ್ಣತೆ, ಮ್ಯಾನೇಜರ್ಸ್‌ನಲ್ಲಿ ಬಿಎಂಸಿ. ಫ್ಯಾನ್ ಓದಿನ ಪಕ್ಕದಲ್ಲೇ ಅದರ ಹೆಸರು, ಸ್ಥಿತಿ ಬರೆದಿರುತ್ತದೆ. ಒಳಗಿನ ವಿಳಾಸಗಳು ಕಂಪನಿಯಿಂದ ಕಂಪನಿಗೆ ಬೇರೆ, ಹಾಗಾಗಿ ಸ್ಕ್ರಿಪ್ಟ್‌ನಲ್ಲಿ ಅವನ್ನು ಬರೆದಿಡದೆ ಮೂಲದಿಂದ ಲಿಂಕ್ ಹಿಡಿದು ಹೋಗುವುದೇ ಸರಿ.

ಭದ್ರತೆ ವಿಷಯಕ್ಕೆ ಬಂದರೆ ನಾನು ಪೂರ್ತಿ ರೆಡ್‌ಫಿಶ್ ಪರ. ಐಪಿಎಂಐ 2.0ರಲ್ಲಿ ಲಾಗಿನ್ ಮುಗಿಯುವ ಮೊದಲೇ, ಬಳಕೆದಾರರ ಹೆಸರು ಗೊತ್ತಿದ್ದವರಿಗೆಲ್ಲ ಪಾಸ್‌ವರ್ಡ್‌ನಿಂದ ಲೆಕ್ಕಹಾಕಿದ ಹ್ಯಾಶ್ (ಗುಪ್ತ ಗುರುತು) ಅನ್ನು ಬಿಎಂಸಿ ಕಳಿಸಿಬಿಡುತ್ತದೆ. ಅದನ್ನು ಮನೆಗೊಯ್ದು ನಿಧಾನವಾಗಿ ಒಡೆಯಬಹುದು ಎಂದು ಭದ್ರತಾ ಸಂಶೋಧಕ ಡ್ಯಾನ್ ಫಾರ್ಮರ್ 2013ರಲ್ಲಿ ತೋರಿಸಿದರು. ತಪ್ಪು ಇರುವುದು ಮಾನದಂಡದಲ್ಲೇ ಆದ್ದರಿಂದ ಫರ್ಮ್‌ವೇರ್ ಅಪ್‌ಡೇಟ್ ಇದಕ್ಕೆ ಮದ್ದಲ್ಲ, ಮೇಲಾಗಿ ಪಾಸ್‌ವರ್ಡ್ ಉದ್ದಕ್ಕೂ 20 ಬೈಟ್‌ಗಳ ಮಿತಿ. ರೆಡ್‌ಫಿಶ್ ಸಾಕೆನ್ನುವ ಕಡೆ ಲ್ಯಾನ್ ಮೇಲಿನ ಐಪಿಎಂಐ ಆಫ್ ಮಾಡಿ. ಬಿಎಂಸಿ ಪೋರ್ಟ್‌ಗಳನ್ನು ಬೇರೆ ವಿಎಲ್ಎಎನ್‌ನಲ್ಲಿ, ಅಂದರೆ ಉಳಿದದ್ದರಿಂದ ಬೇರ್ಪಡಿಸಿದ ನೆಟ್‌ವರ್ಕ್‌ನಲ್ಲಿ ಇಡಿ, ಇಂಟರ್ನೆಟ್‌ಗೆ ಎಂದೂ ತೆರೆಯಬೇಡಿ.